ಶಾರ್ಟ್‌ಕಟ್ ಪುಸ್ತಕ, ಆ್ಯಪ್, ಒಂಬತ್ತನೇ ಕ್ಲಾಸಿನ ಪಠ್ಯ: ಬೀಜಗಣಿತ ನನಗೆ ಹಿಡಿತಕ್ಕೆ ಸಿಕ್ಕಿದ್ದು ಯಾವುದರಿಂದ

ಮೊದಲೇ ಹೇಳಿಬಿಡುತ್ತೇನೆ. ಎಸ್‌ಎಸ್‌ಸಿ ಸಿಜಿಎಲ್ (ಕೇಂದ್ರ ಸರ್ಕಾರದ ಕಚೇರಿಗಳಿಗೆ ಪದವೀಧರರನ್ನು ಆರಿಸುವ) ಪರೀಕ್ಷೆಗೆ ಬೀಜಗಣಿತ ಮತ್ತೆ ಓದಬೇಕು ಅಂದರೆ ನನ್ನ ಆಯ್ಕೆ ಸರ್ಕಾರಿ ಪಠ್ಯಪುಸ್ತಕ. ಅದರಲ್ಲೂ ಒಂಬತ್ತನೇ ತರಗತಿಯದು. ಈ ಮಾತಿಗೆ ಬರುವ ಮೊದಲು 650 ರೂಪಾಯಿಯ ಒಂದು ಶಾರ್ಟ್‌ಕಟ್ ಪುಸ್ತಕ, 1,199 ರೂಪಾಯಿಯ ಒಂದು ಆ್ಯಪ್ ಚಂದಾ, ಮತ್ತು ಒಂದು ವರ್ಷ ಹೋಯಿತು. ಹಣಕ್ಕಿಂತ ಆ ಒಂದು ವರ್ಷ ಹೋಗಿದ್ದಕ್ಕೇ ನನಗೆ ಜಾಸ್ತಿ ಬೇಜಾರು.

ನನ್ನ ಪರಿಸ್ಥಿತಿ ಗೊತ್ತಾದರೆ ಈ ಹೋಲಿಕೆ ನಿಮಗೆ ಎಷ್ಟು ಅನ್ವಯಿಸುತ್ತದೆ ಅಂತ ತಿಳಿಯುತ್ತದೆ. ಅರಸೀಕೆರೆ ಕಡೆಯ ಹಳ್ಳಿ, ಹೈಸ್ಕೂಲು ಪೂರ್ತಿ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಆರ್ಟ್ಸ್, ಆಮೇಲೆ ಬಿಎ. ಅಂದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಗಣಿತದ ಪುಸ್ತಕ ಮುಟ್ಟಿಲ್ಲ. ಈಗ ಒಂದು ಜೆರಾಕ್ಸ್, ಡಿಟಿಪಿ ಅಂಗಡಿಯಲ್ಲಿ ಕೆಲಸ. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಏಳರವರೆಗೆ ಕಂಪ್ಯೂಟರ್ ಮುಂದೆ. ಓದುವುದು ಬೆಳಗ್ಗೆ ಐದರಿಂದ ಆರೂವರೆ. ಸಂಬಳ ಹನ್ನೊಂದು ಸಾವಿರ.

ಪರೀಕ್ಷೆಯ ಲೆಕ್ಕವೂ ಗೊತ್ತಿರಲಿ. ಮೊದಲ ಹಂತವಾದ ಟಯರ್-1ರಲ್ಲಿ 100 ಪ್ರಶ್ನೆ, 60 ನಿಮಿಷ. ಒಂದು ಪ್ರಶ್ನೆಗೆ 36 ಸೆಕೆಂಡು ಬರುತ್ತದೆ ಅಷ್ಟೇ. ಸರಿ ಉತ್ತರಕ್ಕೆ 2 ಅಂಕ, ತಪ್ಪಾದರೆ 0.50 ಕಳೆಯುತ್ತಾರೆ. ಗಣಿತಕ್ಕೆ 25 ಪ್ರಶ್ನೆ.

ಶಾರ್ಟ್‌ಕಟ್ ಪುಸ್ತಕದಿಂದ ಶುರು ಮಾಡುತ್ತೇನೆ. ನನಗೆ ಏಟು ಕೊಟ್ಟಿದ್ದು ಅದೇ. ಒಂದು ಕೋಚಿಂಗ್ ಸೆಂಟರಿನವರು ಹೊರತಂದದ್ದು, ಹೆಸರು ಬೇಡ. ಬೀಜಗಣಿತದ ಅಧ್ಯಾಯದ ಆರಂಭದಲ್ಲಿ ಎರಡು ಪುಟ ತುಂಬ ಸೂತ್ರಗಳು, ಒಂದೊಂದಕ್ಕೂ ನಂಬರು. ಆಮೇಲೆ ಲೆಕ್ಕಗಳು. ಉತ್ತರದ ಜಾಗದಲ್ಲಿ 'ಸೂತ್ರ 17ರಂತೆ' ಅಂತ ಒಂದು ಸಾಲು, ಮುಗಿಯಿತು. ನೋಡಿದ ಕೂಡಲೇ ಖುಷಿಯಾಗಿತ್ತು. ಎರಡು ಪುಟ ಬಾಯಿಪಾಠ ಮಾಡಿದರೆ ಅಧ್ಯಾಯವೇ ಮುಗಿದ ಹಾಗೆ ಅಲ್ವಾ ಅನ್ನಿಸಿತ್ತು.

ಆ ಪುಟದಲ್ಲಿ ಒಂದರ ಕೆಳಗೆ ಒಂದು ಈ ಎರಡು ಸೂತ್ರ ಇದ್ದವು. ಎಕ್ಸ್ + 1/ಎಕ್ಸ್ = ಕೆ ಆದರೆ, ಎಕ್ಸ್³ + 1/ಎಕ್ಸ್³ = ಕೆ³ − 3ಕೆ. ಎಕ್ಸ್ − 1/ಎಕ್ಸ್ = ಕೆ ಆದರೆ, ಎಕ್ಸ್³ − 1/ಎಕ್ಸ್³ = ಕೆ³ + 3ಕೆ. ಎರಡನ್ನೂ ಮತ್ತೆ ನೋಡಿ. ಮೇಲಿನದರಲ್ಲಿ ಪ್ಲಸ್ ಕೊಟ್ಟರೆ ಮೈನಸ್ ಬರುತ್ತದೆ, ಕೆಳಗಿನದರಲ್ಲಿ ಮೈನಸ್ ಕೊಟ್ಟರೆ ಪ್ಲಸ್. ಯಾಕೆ ಅಂತ ಪುಸ್ತಕದಲ್ಲಿ ಎಲ್ಲೂ ಇಲ್ಲ. ಬೆಳಗ್ಗೆ ಐದಕ್ಕೆ ಬಾಯಿಪಾಠ ಮಾಡಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ಅದಲು ಬದಲು ಆಗುತ್ತಿತ್ತು. ಕೆ ಜಾಗಕ್ಕೆ 3 ಹಾಕಿದರೆ ಒಂದರಲ್ಲಿ 18, ಇನ್ನೊಂದರಲ್ಲಿ 36. ಪ್ರಶ್ನೆ ತಯಾರಿಸುವವರಿಗೆ ಈ ಗೊಂದಲ ಚೆನ್ನಾಗಿ ಗೊತ್ತು. ನಾಲ್ಕು ಆಯ್ಕೆಯಲ್ಲಿ 18ರ ಪಕ್ಕದಲ್ಲೇ 36 ಇಟ್ಟಿರುತ್ತಾರೆ.

ಮೊದಲ ಸಲ ಮೈಸೂರಿನ ಸೆಂಟರಿನಲ್ಲಿ ಪರೀಕ್ಷೆ ಬರೆದಾಗ ಇದೇ ತರಹದ ಪ್ರಶ್ನೆ ಬಂತು, ಆದರೆ ವೇಷ ಬೇರೆ. ಎಕ್ಸ್² − 3ಎಕ್ಸ್ + 1 = 0 ಆದರೆ ಎಕ್ಸ್³ + 1/ಎಕ್ಸ್³ ಎಷ್ಟು? ನನ್ನ ಎರಡು ಪುಟದಲ್ಲಿ ಈ ಆಕಾರದ ಸೂತ್ರ ಇರಲಿಲ್ಲ. ತಲೆಯಲ್ಲಿ 1ರಿಂದ ಶುರುಮಾಡಿ ನಂಬರು ನಂಬರಾಗಿ ಹುಡುಕಿದೆ. ಅರ್ಧ ನಿಮಿಷ ಹೋಯಿತು. ಕೊನೆಗೆ ಪ್ರಶ್ನೆಯಲ್ಲಿ ಮೈನಸ್ ಕಂಡಿತು ಅಂತ ಮೈನಸ್ ಸೂತ್ರ ಹಾಕಿ 36 ಒತ್ತಿದೆ. ಸರಿ ಉತ್ತರ 18. ಸಮೀಕರಣವನ್ನು ಎಕ್ಸ್‌ನಿಂದ ಭಾಗಿಸಿದರೆ ಎಕ್ಸ್ − 3 + 1/ಎಕ್ಸ್ = 0. ಮೂರನ್ನು ಆಚೆ ಕಳಿಸಿದರೆ ಎಕ್ಸ್ + 1/ಎಕ್ಸ್ = 3. ಇಷ್ಟೇ ಇದ್ದದ್ದು. ಮನೆಗೆ ಬಂದು ಹಾಳೆಯ ಮೇಲೆ ಇದನ್ನು ಬಿಡಿಸಿದಾಗ ಅಳು ಬಂತು.

ಅದೇ ಪುಸ್ತಕದ ಇನ್ನೊಂದು ಉಪಾಯ 'ಸುಲಭದ ಬೆಲೆ ಹಾಕಿ ನೋಡಿ' ಅನ್ನುವುದು. ಎ + ಬಿ + ಸಿ = 0 ಆದರೆ ಎ²/ಬಿಸಿ + ಬಿ²/ಸಿಎ + ಸಿ²/ಎಬಿ ಎಷ್ಟು ಅಂತ ಒಂದು ಲೆಕ್ಕ. ನಾನು 1, −1, 0 ಹಾಕಿದೆ. ಮೊತ್ತ ಸೊನ್ನೆಯಾಗುವ ಎಲ್ಲಕ್ಕಿಂತ ಸುಲಭದ ಬೆಲೆ ಅದೇ ತಾನೇ. ಆದರೆ ಛೇದದಲ್ಲಿ ಸೊನ್ನೆ ಬಂದು ಲೆಕ್ಕ ಅಲ್ಲೇ ನಿಂತಿತು. 1, 1, −2 ಹಾಕಿದರೆ −1/2, −1/2, 4 ಬಂದು ಮೊತ್ತ 3 ಆಗುತ್ತದೆ. ಉಪಾಯ ಒಳ್ಳೆಯದೇ, ಈಗಲೂ ಬಳಸುತ್ತೇನೆ. ಆದರೆ ಸೊನ್ನೆ ಹಾಕಬಾರದು ಅನ್ನುವ ಒಂದು ಸಾಲಾದರೂ ಪುಸ್ತಕದಲ್ಲಿ ಇರಬೇಕಿತ್ತು.

ಆಮೇಲೆ ಆ್ಯಪ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾಕ್ ಟೆಸ್ಟ್ ನಿಜವಾಗಿ ಚೆನ್ನಾಗಿದ್ದವು. ಗಡಿಯಾರ ಓಡುತ್ತದೆ, ತಪ್ಪಿಗೆ ಅಂಕ ಕಳೆಯುತ್ತದೆ, ಯಾವ ಪ್ರಶ್ನೆಗೆ ಎಷ್ಟು ಸೆಕೆಂಡು ತೆಗೆದುಕೊಂಡೆ ಅಂತ ತೋರಿಸುತ್ತದೆ. ಪಾಠದ ವಿಡಿಯೊಗಳು ಮಾತ್ರ ಹಿಂದಿ ಬೆರೆತ ಇಂಗ್ಲಿಷಿನಲ್ಲಿ, ತುಂಬ ವೇಗ. ನನ್ನ ಚಿಕ್ಕ ಫೋನಿನ ಪರದೆಯಲ್ಲಿ ಘಾತದ 2 ಯಾವುದು 3 ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕಿತ್ತು. ದಿನವಿಡೀ ಅಂಗಡಿಯಲ್ಲಿ ಪರದೆ ನೋಡಿದ ಕಣ್ಣು, ಬೆಳಗ್ಗೆ ಎದ್ದ ತಕ್ಷಣ ಮತ್ತೆ ಪರದೆ ಅಂದರೆ ಒಪ್ಪಲಿಲ್ಲ. ಆರು ವಾರದ ಮೇಲೆ ವಿಡಿಯೊ ತೆರೆಯಲೇ ಇಲ್ಲ.

ಪಠ್ಯಪುಸ್ತಕ ಕೈಗೆ ಬಂದದ್ದು ಅಕ್ಕನ ಮನೆಯಲ್ಲಿ. ಅಕ್ಕನ ಮಗಳು ಆಗ ಒಂಬತ್ತನೇ ಕ್ಲಾಸು ಮುಗಿಸಿ ರಜೆಯಲ್ಲಿದ್ದಳು. ಶಾರ್ಟ್‌ಕಟ್ ಪುಸ್ತಕ ತಿರುವಿ ನೋಡಿ, 'ಚಿಕ್ಕಮ್ಮ, ಇದು ನಮ್ಮ ಬಹುಪದೋಕ್ತಿ ಪಾಠದಲ್ಲೇ ಇದೆಯಲ್ಲ' ಅಂದಳು. ನಿತ್ಯಸಮೀಕರಣದ ಪುಟ ತೆಗೆದು ತೋರಿಸಿದಳು. (ಎ + ಬಿ)³ = ಎ³ + ಬಿ³ + 3ಎಬಿ(ಎ + ಬಿ). ಅಲ್ಲೇ ಕೂತು ಎ ಜಾಗಕ್ಕೆ ಎಕ್ಸ್, ಬಿ ಜಾಗಕ್ಕೆ 1/ಎಕ್ಸ್ ಬರೆದೆ. ಎಕ್ಸ್ ಮತ್ತು 1/ಎಕ್ಸ್ ಗುಣಿಸಿದರೆ 1. ಹಾಗಾಗಿ 3ಎಬಿ ಅನ್ನುವುದು ಬರೀ 3 ಆಯಿತು. ಎಕ್ಸ್ + 1/ಎಕ್ಸ್ = 3 ತಾನೇ, ಅದರ ಘನ 27. ಅಂದರೆ 27 = ಬೇಕಾದ ಉತ್ತರ + 9. ಉತ್ತರ 18. ಮೈನಸ್ ಇದ್ದರೆ ಅದೇ 9 ಮೈನಸ್ ಆಗಿ ಕೂತಿರುತ್ತದೆ, ಆಚೆ ಕಳಿಸಿದಾಗ ಕೂಡುತ್ತದೆ, 36. ಒಂದು ವರ್ಷ ನಂಬರು ಹಾಕಿಕೊಂಡು ಬಾಯಿಪಾಠ ಮಾಡಿದ ಎರಡು ಸೂತ್ರ, ಹೈಸ್ಕೂಲಿನ ಒಂದೇ ಸಾಲಿನೊಳಗೆ ಇದ್ದವು. ಅವತ್ತಿನಿಂದ ಇವತ್ತಿನವರೆಗೆ ಆ ಚಿಹ್ನೆ ನನಗೆ ತಪ್ಪಿಲ್ಲ.

ನಾನು ಓದಿದ ನಮ್ಮ ರಾಜ್ಯದ ಒಂಬತ್ತು, ಹತ್ತನೇ ತರಗತಿಯ ಗಣಿತ ಪುಸ್ತಕ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪವೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ನಾನು ಕೆಲಸ ಮಾಡುವ ಅಂಗಡಿಯಲ್ಲೇ ಎಂಟು ಮತ್ತು ಹತ್ತನೇ ತರಗತಿಯ ಬೀಜಗಣಿತದ ಪಾಠಗಳನ್ನು ಮಾತ್ರ ಪ್ರಿಂಟ್ ಹಾಕಿ ಸ್ಪೈರಲ್ ಬೈಂಡ್ ಮಾಡಿಸಿದೆ. ಒಂಬತ್ತನೆಯದು ಅಕ್ಕನ ಮಗಳದ್ದೇ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಎಲ್ಲರೂ ಹತ್ತನೇ ಕ್ಲಾಸಿನ ಪುಸ್ತಕ ಹಿಡಿಯುತ್ತಾರೆ. ವರ್ಗ ಸಮೀಕರಣ, ಎರಡು ಚರಾಕ್ಷರದ ರೇಖಾತ್ಮಕ ಸಮೀಕರಣ, ಸಮಾಂತರ ಶ್ರೇಢಿ ಅದರಲ್ಲಿವೆ, ಬೇಕು ನಿಜ. ಆದರೆ ಸಿಜಿಎಲ್‌ನಲ್ಲಿ ಪದೇ ಪದೇ ಬರುವ ಘನದ ಸೂತ್ರಗಳು, ಎ³ + ಬಿ³ + ಸಿ³ − 3ಎಬಿಸಿ, ಕರಣಿಯ ಛೇದವನ್ನು ಅಕರಣೀಕರಿಸುವುದು (ಛೇದದಲ್ಲಿರುವ √ ತೆಗೆಯುವುದು), ಇವೆಲ್ಲ ಒಂಬತ್ತರಲ್ಲಿವೆ. ಎಕ್ಸ್ = 2 + √3 ಅಂತ ಕೊಟ್ಟರೆ 1/ಎಕ್ಸ್ = 2 − √3, ಕೂಡಿದರೆ 4. ಮತ್ತೆ ಅದೇ ಎಕ್ಸ್ + 1/ಎಕ್ಸ್. ಅಷ್ಟು ದೂರದ ಎರಡು ಪಾಠ ಒಂದೇ ಲೆಕ್ಕದಲ್ಲಿ ಕೂಡಿಕೊಳ್ಳುವುದು ನೋಡಿದಾಗ ಗಣಿತ ಇಷ್ಟವಾಗತೊಡಗಿತು. ಈ ಮಾತು ನಾನು ಬರೆಯುತ್ತೇನೆ ಅಂತ ಎಂದೂ ಅಂದುಕೊಂಡಿರಲಿಲ್ಲ.

ಟಯರ್-1ರಲ್ಲಿ ಬೀಜಗಣಿತದ್ದೇ ಅಂತ ಬರುವುದು ಎರಡು ಮೂರು ಪ್ರಶ್ನೆ, ಅದಕ್ಕೆ ಇಷ್ಟು ಕಷ್ಟ ಯಾಕೆ ಅಂತ ಕೇಳಬಹುದು. ತ್ರಿಕೋನಮಿತಿಯಲ್ಲಿ ಸೈನ್ + ಕೊಸೆಕ್ = 2 ಅಂತ ಕೊಟ್ಟು ಘಾತ ಏರಿಸಿ ಕೇಳುತ್ತಾರೆ. ಕೊಸೆಕ್ ಅಂದರೆ 1/ಸೈನ್ ತಾನೇ. ಅಲ್ಲೂ ಅದೇ ಎಕ್ಸ್ + 1/ಎಕ್ಸ್, ಬೆಲೆ 1, ಘಾತ ಎಷ್ಟೇ ಇದ್ದರೂ ಉತ್ತರ 2. ವಯಸ್ಸಿನ ಲೆಕ್ಕ, ದೋಣಿಯ ಲೆಕ್ಕಕ್ಕೂ ಸಮೀಕರಣವೇ ಬೇಕು.

ಪಠ್ಯಪುಸ್ತಕದಲ್ಲಿ ತೊಂದರೆ ಇಲ್ಲ ಅಂತಲ್ಲ. ಕನ್ನಡ ಮಾಧ್ಯಮದವರಿಗೆ ಒಂದು ದೊಡ್ಡ ತೊಡಕಿದೆ. ಇದೇ ಆಯೋಗದ ಎಂಟಿಎಸ್ (ಕಚೇರಿ ಸಹಾಯಕರ ಹುದ್ದೆ), ಜಿಡಿ ಕಾನ್‌ಸ್ಟೇಬಲ್ ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯಬಹುದು. ನಾನು ಬರೆದ ಸಿಜಿಎಲ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇತ್ತು. ವರ್ಗ ಸಮೀಕರಣದ ಶೋಧಕ (ಬಿ² − 4ಎಸಿ) ಸೊನ್ನೆಯಾದರೆ ಮೂಲಗಳು ಸಮ ಅಂತ ಚೆನ್ನಾಗಿ ಗೊತ್ತು. ಪರದೆಯ ಮೇಲೆ 'ಈಕ್ವಲ್ ರೂಟ್ಸ್' ಅಂತ ಬಂದಾಗ ಎರಡೂ ಒಂದೇ ಅಂತ ಹೊಳೆಯಲು ಐದಾರು ಸೆಕೆಂಡು ಬೇಕಾಗುತ್ತಿತ್ತು. 36ರಲ್ಲಿ ಐದಾರು ಕಡಿಮೆಯಲ್ಲ.

ಇದಕ್ಕೆ ನಾನು ಮಾಡಿದ್ದು ಹೀಗೆ. ಅದೇ ಪುಸ್ತಕದ ಇಂಗ್ಲಿಷ್ ಮಾಧ್ಯಮದ ಪಿಡಿಎಫ್ ಇಳಿಸಿಕೊಂಡೆ. ಎರಡರಲ್ಲೂ ಪಾಠ, ಲೆಕ್ಕ ಒಂದೇ. ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳುವುದು, ಲೆಕ್ಕ ಮಾತ್ರ ಇಂಗ್ಲಿಷ್ ಪುಸ್ತಕ ನೋಡಿ ಮಾಡುವುದು. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಸಹಗುಣಕ, ಬಲಕ್ಕೆ ಕೋಎಫಿಶಿಯೆಂಟ್; ಎಡಕ್ಕೆ ಅಪವರ್ತನ, ಬಲಕ್ಕೆ ಫ್ಯಾಕ್ಟರ್; ಎಡಕ್ಕೆ ಬಹುಪದೋಕ್ತಿ, ಬಲಕ್ಕೆ ಪಾಲಿನಾಮಿಯಲ್. ಎರಡು ಪುಟ ತುಂಬುವಷ್ಟರಲ್ಲಿ ಬೀಜಗಣಿತದ ಪದಗಳೆಲ್ಲ ಮುಗಿದವು. ಮೂರು ವಾರಕ್ಕೆ ಆ ಪಟ್ಟಿ ನೋಡುವುದೇ ನಿಂತಿತು.

ಇನ್ನೊಂದು ಕೊರತೆ ವೇಗ. ಪಠ್ಯಪುಸ್ತಕ ನಿಧಾನ ಕಲಿಸುತ್ತದೆ, ಹಂತ ಹಂತವಾಗಿ ಬರೆಸುತ್ತದೆ. ಆಯ್ಕೆ ಪ್ರಶ್ನೆಗಳ ಅಭ್ಯಾಸ ಅದರಿಂದ ಆಗುವುದಿಲ್ಲ. ಅದಕ್ಕೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ತೆಗೆದು, ಬೀಜಗಣಿತದವನ್ನು ಮಾತ್ರ ಆರಿಸಿ, ಅಡುಗೆಮನೆಯ ಗಡಿಯಾರ ಪಕ್ಕಕ್ಕಿಟ್ಟುಕೊಂಡು ಮಾಡಿದೆ. ಹತ್ತು ಲೆಕ್ಕಕ್ಕೆ ಮೊದಮೊದಲು ಹದಿನೈದು ನಿಮಿಷ ಬೇಕಾಗುತ್ತಿತ್ತು. ಎರಡು ತಿಂಗಳಲ್ಲಿ ಏಳಕ್ಕೆ ಇಳಿಯಿತು. ಪರೀಕ್ಷೆ ಹತ್ತಿರ ಬಂದಾಗ ಆ್ಯಪ್‌ಗಳಲ್ಲಿ ಉಚಿತವಾಗಿ ಸಿಗುವ ಮಾಕ್ ಟೆಸ್ಟ್ ಬರೆದೆ, ಅಷ್ಟೇ ಸಾಕಾಯಿತು.

ಖಾನ್ ಅಕಾಡೆಮಿಯಲ್ಲಿ ಕನ್ನಡದಲ್ಲೂ ಗಣಿತ ಪಾಠಗಳಿವೆ, ಉಚಿತ. ವಿಡಿಯೊ ನೋಡಿ ಕಲಿಯುವವರಿಗೆ ಹಣ ಕೊಟ್ಟ ಆ್ಯಪ್‌ಗಿಂತ ಅದೇ ವಾಸಿ. ನನಗೆ ಪೆನ್ನು ಹಿಡಿದು ಬರೆದರೆ ಮಾತ್ರ ತಲೆಗೆ ಹೋಗುತ್ತದೆ.

ಫಲಿತಾಂಶ ಹೇಳುತ್ತೇನೆ. ಮೊದಲ ವರ್ಷ ಬೀಜಗಣಿತದ ಮೂರು ಪ್ರಶ್ನೆಯಲ್ಲಿ ಎರಡು ತಪ್ಪು, ಒಂದು ಬಿಟ್ಟೆ. ಮೈನಸ್ 1 ಅಂಕ. ಎರಡನೇ ವರ್ಷ ಮೂರೂ ಸರಿ, 6 ಅಂಕ. ಒಟ್ಟು ಏಳು ಅಂಕದ ವ್ಯತ್ಯಾಸ. ಕಟ್‌ಆಫ್ ಹತ್ತಿರ ಒಂದೊಂದು ಅಂಕಕ್ಕೂ ಎಷ್ಟು ಜನ ನಿಂತಿರುತ್ತಾರೆ ಅಂತ ಈ ಪರೀಕ್ಷೆ ಬರೆದವರಿಗೆಲ್ಲ ಗೊತ್ತು.

ಹಾಗಂತ ಎಲ್ಲರಿಗೂ ನನ್ನ ದಾರಿ ಸರಿ ಅನ್ನುವುದಿಲ್ಲ. ಪಿಯುಸಿ ಸೈನ್ಸ್ ಮಾಡಿ ಗಣಿತ ಕೈಬಿಡದೆ ಇಟ್ಟುಕೊಂಡವರಿಗೆ ಆ ಶಾರ್ಟ್‌ಕಟ್ ಪುಸ್ತಕ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಸೂತ್ರ ಎಲ್ಲಿಂದ ಬಂತು ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ, ನೆನಪಿಸಿಕೊಂಡರೆ ಸಾಕು. ಪರೀಕ್ಷೆಗೆ ಇಪ್ಪತ್ತು ದಿನ ಮಾತ್ರ ಉಳಿದಿದ್ದರೆ ಪಠ್ಯಪುಸ್ತಕ ಹಿಡಿಯಬೇಡಿ, ಹಳೆಯ ಪ್ರಶ್ನೆಪತ್ರಿಕೆಯನ್ನೇ ಮಾಡಿ. ಆದರೆ ನನ್ನ ಹಾಗೆ ಆರ್ಟ್ಸ್ ಓದಿ, ಗಣಿತ ಬಿಟ್ಟು ವರ್ಷಗಳಾಗಿ, ಕೈಯಲ್ಲಿ ನಾಲ್ಕು ತಿಂಗಳಿದ್ದರೆ ಒಂಬತ್ತನೇ ಕ್ಲಾಸಿನಿಂದಲೇ ಶುರು ಮಾಡಿ. ಪ್ರಿಂಟು, ಬೈಂಡಿಂಗು, ನೋಟ್‌ಬುಕ್ಕು ಸೇರಿ ನನಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಮಹಿಳೆಯರಿಗೆ ಸಿಜಿಎಲ್ ಅರ್ಜಿ ಶುಲ್ಕವೂ ಇಲ್ಲ.

ಈಗ ಟಯರ್-2ಗೆ ಓದುತ್ತಿದ್ದೇನೆ. ಅಲ್ಲಿ ಗಣಿತಕ್ಕೆ 30 ಪ್ರಶ್ನೆ, ಒಂದೊಂದಕ್ಕೆ 3 ಅಂಕ, ತಪ್ಪಿದರೆ ಒಂದು ಪೂರ್ತಿ ಅಂಕ ಹೋಗುತ್ತದೆ. ಅಕ್ಕನ ಮಗಳು ತನ್ನ ಪುಸ್ತಕವನ್ನು ನನ್ನ ಹತ್ತಿರವೇ ಬಿಟ್ಟಿದ್ದಾಳೆ. ಈ ವಾರ ಕರಣಿಗಳ ಪಾಠ ಎರಡನೇ ಸಲ ನಡೆಯುತ್ತಿದೆ.