ತಾಪಕೀರ್ ಗಲ್ಲಿಯ 450 ಡ್ರೋನ್ ಫ್ರೇಮ್: 14 ತಿಂಗಳ ಬಳಕೆಯ ನಂತರ

"ಅಪ್ಪಾ, ಇಲ್ಲೊಂದು ಕೂದಲು ಅಂಟಿದೆ ನೋಡು" ಅಂದಳು ಮಗಳು. ಡ್ರೋನಿನ ಬಿಳಿ ತೋಳಿನ ಮೇಲೆ, ಮೋಟಾರ್ ಸ್ಕ್ರೂ ಪಕ್ಕದಲ್ಲಿ. ಒರೆಸಿದೆ, ಹೋಗಲಿಲ್ಲ. ಉಗುರು ಆಡಿಸಿದೆ, ತಡೆಯಿತು. ಬಿರುಕು.

ಪುಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಾಪಕೀರ್ ಗಲ್ಲಿಯಲ್ಲಿ ಸಾವಿರ ರೂಪಾಯಿಯೊಳಗೆ ತಂದ ಪ್ಲಾಸ್ಟಿಕ್ ಫ್ರೇಮ್ ಇದು. 450 ಅಂದರೆ ಮೂಲೆಯಿಂದ ಮೂಲೆಗೆ ಎದುರುಬದುರು ಮೋಟಾರುಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ. ಎರಡು ತೋಳು ಕೆಂಪು, ಎರಡು ಬಿಳಿ, ನೀವೆಲ್ಲ ನೋಡಿರುವಂಥದ್ದೇ. ಭಾನುವಾರ ಸಾಸವಡ ಕಡೆ ಗೆಳೆಯರ ಹೊಲದಲ್ಲಿ ಹಾರಿಸುತ್ತೇನೆ. ಬಿರುಕು ಕಂಡಾಗ ಆರು ತಿಂಗಳಾಗಿತ್ತು ಅಷ್ಟೆ. ಒಂದು ಸಲವೂ ಜೋರಾಗಿ ಬಿದ್ದಿರಲಿಲ್ಲ. ಸಿಟ್ಟು ಬಂತು. ಒಂದೇ ಸ್ಟಾರ್ ಕೊಡಬೇಕು ಅಂತ ಕೂತಿದ್ದೆ.

ನಾಲ್ಕೂ ತೋಳು ಬಿಚ್ಚಿದೆ. ಮೂರರಲ್ಲಿ ಬಿರುಕಿತ್ತು, ಎಲ್ಲವೂ ಸ್ಕ್ರೂ ತೂತಿನಿಂದಲೇ ಹೊರಟಿದ್ದವು. ಆಗ ನೆನಪಾಯಿತು. ಮೋಟಾರ್ ಕೂರಿಸುವಾಗ 16 ಸ್ಕ್ರೂಗಳಿಗೂ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಹಚ್ಚಿ, ಇದ್ದ ಶಕ್ತಿಯೆಲ್ಲ ಹಾಕಿ ತಿರುಗಿಸಿದ್ದೆ. ಆ ಅಂಟು ಇರೋದು ಲೋಹದ ಸ್ಕ್ರೂ ಥ್ರೆಡ್‌ಗಳಿಗೆ. ಎಬಿಎಸ್, ಪಾಲಿಕಾರ್ಬೊನೇಟ್ ಥರದ ಪ್ಲಾಸ್ಟಿಕ್ಕಿಗೆ, ಅದೂ ಜಾಸ್ತಿ ಬಿಗಿದ ಜಾಗದಲ್ಲಿ ತಾಗಿದರೆ, ನಿಧಾನವಾಗಿ ಸೀಳುತ್ತಾ ಹೋಗುತ್ತದೆ. ಜೊತೆಗೆ ಮೋಟಾರಿನ ನಡುಕ ಬೇರೆ. ಗಾಜಿನ ನಾರು ಬೆರೆಸಿದ ನೈಲಾನ್ ಆಗಿದ್ದರೆ ತಡೆದುಕೊಳ್ಳುತ್ತಿತ್ತೇನೋ. ನನ್ನ ಪ್ಯಾಕೆಟ್ ಮೇಲೆ ಯಾವ ಪ್ಲಾಸ್ಟಿಕ್ ಅಂತ ಒಂದಕ್ಷರ ಬರೆದಿಲ್ಲ. ಆ ದೂರು ಈಗಲೂ ಇದೆ. ಉಳಿದದ್ದು ನನ್ನದೇ ತಪ್ಪು.

ಹೊಸ ತೋಳು ಹಾಕಿ ಎಂಟು ತಿಂಗಳಾಯ್ತು. ಈಗ ಶನಿವಾರ ರಾತ್ರಿ ಊಟ ಆದಮೇಲೆ ಒಂದು ಕೆಲಸ ತಪ್ಪೋದಿಲ್ಲ. ಮೊದಲು ಪ್ರೊಪೆಲ್ಲರ್ ಬಿಚ್ಚಿ, ಉರುಳದ ಹಾಗೆ ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ಇಡುತ್ತೇನೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹೊಲದ ಧೂಳು ತೆಗೆಯುತ್ತೇನೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ತೋಳಿಗೆ ತಾಗುವ ಹಾಗೆ ಅಡ್ಡಕ್ಕೆ ಹಿಡಿಯಬೇಕು. ನೇರ ಬೆಳಕಿನಲ್ಲಿ ಕಾಣದ ಗೆರೆ ಅಡ್ಡ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಟಾರ್ಚ್ ಹಿಡಿಯೋದು ಮಗಳು, ಅವಳ ಕಣ್ಣು ಚುರುಕು. ಅನುಮಾನ ಬಂದ ಕಡೆ ಪೆನ್ಸಿಲ್ ಸೀಸದ ಪುಡಿ ಸವರಿ ಒರೆಸುತ್ತೇವೆ. ಬಿರುಕಾದರೆ ಕಪ್ಪು ಒಳಗೇ ಉಳಿಯುತ್ತದೆ. ಗೀರಿನಲ್ಲೂ ಉಳಿಯಬಹುದು, ಅದಕ್ಕೇ ಗೆರೆಯ ಎರಡೂ ತುದಿಗೆ ಚುಕ್ಕೆ ಇಟ್ಟು ತಾರೀಕು ಬರೆಯುತ್ತಾಳೆ. ಮುಂದಿನ ವಾರ ಗೆರೆ ಚುಕ್ಕೆ ದಾಟಿದ್ದರೆ ತೋಳು ಕಸದ ಬುಟ್ಟಿಗೆ. ಕೊನೆಗೆ ತೋಳನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ತಿರುಚುತ್ತೇನೆ, 'ಟಿಕ್' ಅನ್ನಬಾರದು. ವಾರದಲ್ಲಿ ನನಗೆ ತುಂಬಾ ಇಷ್ಟದ ಅರ್ಧ ಗಂಟೆ ಇದು.

ಅಂಟು ಈಗ ಇಲ್ಲ. ಸ್ಕ್ರೂ ತಲೆಯ ಕೆಳಗೆ ಚಪ್ಪಟೆ ವಾಷರ್, ಎದುರುಬದುರಾಗಿ ಸ್ವಲ್ಪ ಸ್ವಲ್ಪ ತಿರುಗಿಸಿ, ಕೂತ ಕೂಡಲೇ ನಿಲ್ಲಿಸೋದು. ಸಡಿಲ ಆಗಿದೆಯಾ ಅಂತ ಶನಿವಾರ ಹೇಗೂ ನೋಡುತ್ತೇವಲ್ಲ.

ಬಿರುಕಿಗೆ ಫೆವಿಕ್ವಿಕ್ ಹಾಕಿ ಹಾರಿಸೋಣ ಅನ್ನೋರಿದ್ದಾರೆ. ದಯವಿಟ್ಟು ಬೇಡ. ನಾಲ್ಕರಲ್ಲಿ ಒಂದು ತೋಳು ಗಾಳಿಯಲ್ಲಿ ಮುರಿದರೆ ಡ್ರೋನ್ ಸೀದಾ ಕೆಳಗೆ. ಹೊಲದಲ್ಲಿ ಜನ ಕೆಲಸ ಮಾಡ್ತಿರ್ತಾರೆ.

ಹಿಂಜೆವಾಡಿಯ ಸಹೋದ್ಯೋಗಿಯೊಬ್ಬರು ಕಾರ್ಬನ್ ಫ್ರೇಮ್ ತಗೊಳ್ಳಿ ಅಂತಾರೆ. ಅದಕ್ಕೂ ಅದರದ್ದೇ ಕಾಯಿಲೆ ಇದೆ. ಅಂಚಿನಲ್ಲಿ ಪದರ ಬಿಡುತ್ತದೆ, ಆ ಜಾಗದಲ್ಲಿ ತಟ್ಟಿದರೆ ಸದ್ದು ಮಂಕಾಗಿರುತ್ತದೆ. ನನ್ನ ಬಜೆಟ್‌ಗೆ ಇದೇ ಸಾಕು, ನಾಲ್ಕು ಸ್ಟಾರ್. ಮೊನ್ನೆ ಇನ್ನೆರಡು ಬಿಡಿ ತೋಳು ತಂದೆ. ಎರಡೂ ಕೆಂಪು. ಒತ್ತಡಕ್ಕೆ ತೂತಿನ ಸುತ್ತ ಪ್ಲಾಸ್ಟಿಕ್ ಬಿಳಿಚಿಕೊಂಡರೆ ಕೆಂಪಿನಲ್ಲಿ ಬೇಗ ಕಾಣುತ್ತದೆ.