ಒಂದೇ ಕಿವಿಗೆ ಕೇಳುತ್ತಿದ್ದ ಕ್ಯಾಸೆಟ್‌ಗಳು: ಆಡಾಸಿಟಿಯೊಂದಿಗೆ ಎಂಟು ವರ್ಷ

ಅಜ್ಜಿ ಹೇಳುತ್ತಿದ್ದ ಕಥೆಗಳನ್ನು ಅಪ್ಪ ಕ್ಯಾಸೆಟ್‌ಗಳಲ್ಲಿ ಧ್ವನಿಮುದ್ರಿಸಿ ಇಟ್ಟಿದ್ದರು. ಅವನ್ನು ಕಂಪ್ಯೂಟರಿಗೆ ಇಳಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಲು ಕುಳಿತ ದಿನ ಅಜ್ಜಿ ನನ್ನ ಎಡಗಿವಿಯಲ್ಲಿ ಮಾತ್ರ ಮಾತನಾಡಿದರು. ಬಲಗಿವಿಯಲ್ಲಿ ಬರೀ ‘ಸ್ಸ್’ ಎನ್ನುವ ಸದ್ದು. ಹತ್ತು ನಿಮಿಷ ಕೇಳುವಷ್ಟರಲ್ಲಿ ತಲೆಭಾರವಾಗಿ ಹೆಡ್‌ಫೋನ್ ತೆಗೆದಿಟ್ಟೆ. ಇದನ್ನು ಸರಿಪಡಿಸಲೆಂದೇ ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಎಂಟು ವರ್ಷಗಳಾದವು, 40ಕ್ಕೂ ಹೆಚ್ಚು ಕ್ಯಾಸೆಟ್‌ಗಳು ಅದರ ಮೂಲಕ ಹಾದುಹೋಗಿವೆ.

2000ದಲ್ಲಿ ಮೊದಲ ಬಾರಿಗೆ ಬಿಡುಗಡೆಯಾದ ಈ ಮುಕ್ತ ತಂತ್ರಾಂಶ ಈಗಲೂ ಉಚಿತ. ನನಗೆ ಇದರ ಮೇಲೆ ನಂಬಿಕೆ ಬಂದದ್ದು ಕಣ್ಣಿನಿಂದ. ಕಡತ ತೆರೆದ ಕೂಡಲೇ ಎಡ ಮತ್ತು ಬಲ ಚಾನೆಲ್‌ಗಳ ಅಲೆಗಳು ಒಂದರ ಕೆಳಗೊಂದು ಕಾಣುತ್ತವೆ. ಒಂದು ಪಟ್ಟಿಯಲ್ಲಿ ಮಾತಿನ ಏರಿಳಿತ, ಇನ್ನೊಂದರಲ್ಲಿ ನೇರ ಗೆರೆ ಇದ್ದರೆ ಆ ಬದಿಗೆ ಧ್ವನಿ ತಲುಪಿಯೇ ಇಲ್ಲ ಎಂದರ್ಥ. ನನ್ನ ವಿಷಯದಲ್ಲಿ ಕಾರಣ ಸರಳವಾಗಿತ್ತು: ಹಳೆಯ ಮೋನೊ (ಒಂದೇ ಚಾನೆಲ್‌ನ) ಪ್ಲೇಯರಿನ ಜ್ಯಾಕ್‌ಗೆ ಸ್ಟೀರಿಯೊ (ಎಡ-ಬಲ ಎರಡು ಚಾನೆಲ್‌ನ) ಕೇಬಲ್ ಚುಚ್ಚಿದ್ದೆ. ನೇರ ಗೆರೆಯ ಬದಲು ಕುಗ್ಗಿದ, ಮಂಕಾದ ಅಲೆ ಕಂಡರೆ ನಾನು ಮೊದಲು ಪ್ಲೇಯರಿನ ಹೆಡ್, ಅಂದರೆ ಟೇಪಿಗೆ ತಾಗಿ ಧ್ವನಿಯನ್ನು ಓದುವ ಭಾಗ, ನೋಡುತ್ತೇನೆ. ಟೇಪಿನಿಂದ ಉದುರಿದ ಪುಡಿ ಅಲ್ಲಿ ಅಂಟಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ ಮತ್ತೊಮ್ಮೆ ಇಳಿಸಿಕೊಂಡರೆ ಸಿಗುವ ಧ್ವನಿ ಯಾವ ತಂತ್ರಾಂಶದಿಂದಲೂ ಸಿಗುವುದಿಲ್ಲ.

ಆರಂಭದಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು, ಏಕೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಎರಡು ಚಾನೆಲ್‌ಗಳನ್ನು ಬೆರೆಸಿ ಮೋನೊ ಮಾಡಿದೆ. ಧ್ವನಿ ನಡುವಿಗೇನೋ ಬಂತು, ಆದರೆ ಸೊರಗಿತು. ಬೆರೆಸುವಾಗ ತಂತ್ರಾಂಶ ಎರಡರ ಸರಾಸರಿ ತೆಗೆಯುತ್ತದೆ. ಒಂದು ಬದಿ ಖಾಲಿಯಿದ್ದರೆ ಮಾತಿನ ಮಟ್ಟ 6 ಡೆಸಿಬಲ್ ಇಳಿಯುತ್ತದೆ, ಖಾಲಿ ಬದಿಯ ಸದ್ದೂ ಅದರೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಎಷ್ಟು ಏರಿಸಿದರೂ ಆ ಸದ್ದೂ ಜೊತೆಗೇ ಏರುತ್ತದೆ. ಹನ್ನೆರಡು ಕಡತಗಳನ್ನು ಹೀಗೆ ಕೆಡಿಸಿ, ಮತ್ತೆ ಮೊದಲಿನಿಂದ ಮಾಡಿದೆ. ಖಾಲಿ ಬದಿಯನ್ನು ಬೆರೆಸಬಾರದು, ಕಿತ್ತೆಸೆಯಬೇಕು.

ಅದಕ್ಕೆ ಟ್ರ್ಯಾಕ್‌ನ ಹೆಸರಿನ ಮೇಲೆ ಒತ್ತಿ ‘ಸ್ಪ್ಲಿಟ್ ಸ್ಟೀರಿಯೊ ಟು ಮೋನೊ’ ಆರಿಸಿ, ಬಂದ ಎರಡು ಟ್ರ್ಯಾಕ್‌ಗಳಲ್ಲಿ ಖಾಲಿಯದನ್ನು ಅಳಿಸಿದರೆ ಸಾಕು. ನಾನು ಹೆಚ್ಚು ಬಳಸಿದ ಆವೃತ್ತಿಗಳಲ್ಲಿ ಇದರ ಪಕ್ಕದಲ್ಲೇ ‘ಸ್ಪ್ಲಿಟ್ ಸ್ಟೀರಿಯೊ ಟ್ರ್ಯಾಕ್’ ಎಂಬ ಇನ್ನೊಂದು ಆಯ್ಕೆ ಇತ್ತು. ಅದನ್ನು ಒತ್ತಿದರೆ ಎಡದ ಧ್ವನಿ ಎಡಕ್ಕೇ ಅಂಟಿಕೊಂಡಿರುತ್ತದೆ. ಖಾಲಿ ಟ್ರ್ಯಾಕ್ ಅಳಿಸಿದ ಮೇಲೂ ಒಂದೇ ಕಿವಿಗೆ ಕೇಳುತ್ತಿದ್ದರೆ ಧ್ವನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ಪ್ಯಾನ್ ಗುಂಡಿಯನ್ನು ನಡುವಿಗೆ ತನ್ನಿ. ಹಳೆಯ ಆವೃತ್ತಿಗಳಲ್ಲಿ, ಧ್ವನಿಯನ್ನು ತಡೆಹಿಡಿದ (ಪಾಸ್) ಸ್ಥಿತಿಯಲ್ಲಿ ಧ್ವನಿ ತಿದ್ದುವ ‘ಎಫೆಕ್ಟ್’ ಆಯ್ಕೆಗಳು ಮಂಕಾಗಿ ಕಾಣುತ್ತಿದ್ದವು, ಪೂರ್ತಿ ನಿಲ್ಲಿಸಬೇಕಿತ್ತು. ಹೊಸಬರು ಇಲ್ಲಿ ಗಾಬರಿಯಾಗುತ್ತಿದ್ದರು.

ಎರಡೂ ಬದಿಯಲ್ಲಿ ಧ್ವನಿ ಇದ್ದು ಒಂದು ಮಾತ್ರ ತಗ್ಗಿದ್ದರೆ, ಧ್ವನಿಯ ಮಟ್ಟ ಹೊಂದಿಸುವ ‘ನಾರ್ಮಲೈಸ್’ನಲ್ಲಿ ಚಾನೆಲ್‌ಗಳನ್ನು ಬೇರೆಬೇರೆಯಾಗಿ ಏರಿಸುವ ಆಯ್ಕೆಯಿದೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಅದು ಅತ್ಯಂತ ಎತ್ತರದ ಅಲೆಯನ್ನು ಮಾತ್ರ ಅಳೆಯುತ್ತದೆ, ಮೈಕ್ ತಾಗಿದ ಒಂದು ‘ಟಪ್’ ಸದ್ದು ಸಾಕು ಲೆಕ್ಕ ತಪ್ಪಲು. ಕಿವಿಯಿಂದ ಕೇಳುತ್ತಾ ಕೈಯಿಂದಲೇ ಹೊಂದಿಸುವುದು ಮೇಲು.

ಮಾತಿನ ಮುದ್ರಣಗಳಲ್ಲಿ, ಎರಡೂ ಬದಿ ಚೆನ್ನಾಗಿದ್ದಾಗಲೂ ನಾನು ಬೆರೆಸುವುದಿಲ್ಲ, ಸ್ವಚ್ಛವಾಗಿರುವ ಒಂದನ್ನೇ ಉಳಿಸಿಕೊಳ್ಳುತ್ತೇನೆ. ಕ್ಯಾಸೆಟ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ. ಆ ವೇಗದಲ್ಲಿ 10,000 ಹರ್ಟ್ಸ್‌ನ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ 5 ಮೈಕ್ರೊಮೀಟರಿಗಿಂತ ಕಡಿಮೆ. ಹೆಡ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಒಂದು ಬದಿ ತುಸು ಹಿಂದೆ ಬೀಳುತ್ತದೆ. ಬೆರೆಸಿದಾಗ ‘ಸ’, ‘ಶ’ಗಳ ಮೊನಚೇ ಅಳಿಸಿಹೋಗುತ್ತದೆ.

ಸರಿಪಡಿಸಿದ್ದನ್ನು ವೇವ್ ಕಡತವಾಗಿ ಇಟ್ಟುಕೊಳ್ಳುತ್ತೇನೆ, ಹಂಚಲು ಮಾತ್ರ ಎಂಪಿ3. ಮೂಲ ಕಡತವನ್ನು ಎಂದೂ ಅಳಿಸಿಲ್ಲ.

ಒಂದು ಕ್ಯಾಸೆಟ್ ಮಾತ್ರ ವಾರಗಟ್ಟಲೆ ಕಾಡಿತು. ಕಥೆಯ ನಡುವೆ ಎಡಬದಿ ಅರ್ಧ ನಿಮಿಷ ಸತ್ತು, ಮತ್ತೆ ಜೀವ ಪಡೆದು, ಅಷ್ಟರಲ್ಲಿ ಬಲಬದಿ ಕುಸಿದಿತ್ತು. ಎರಡನ್ನೂ ಬೇರ್ಪಡಿಸಿ, ಎಡ ಸತ್ತಲ್ಲಿ ಬಲದ ತುಂಡನ್ನು ತಂದು ಕೂಡಿಸಿದೆ. ಬೆಸುಗೆ ಬಿದ್ದದ್ದು ಅಜ್ಜಿ ಉಸಿರೆಳೆದುಕೊಳ್ಳುವ ಕಡೆ. ಈಗ ಕೇಳಿದರೆ ಆ ಜಾಗ ಯಾವುದೆಂದು ನನಗೂ ಗೊತ್ತಾಗುವುದಿಲ್ಲ.