990 ಕೆ.ಜಿ.ಯ ಹಟ: ಹಿರೋಶಿಮಾದ ಮಜ್ದಾ ರೋಡ್‌ಸ್ಟರ್

ಎರಡೇ ಸೀಟು, 130 ಲೀಟರಿನ ಡಿಕ್ಕಿ, ಸ್ಟೆಪ್ನಿ ಇಲ್ಲ, ಮುಂದೆ ಗ್ಲೋವ್ ಬಾಕ್ಸ್ ಕೂಡ ಇಲ್ಲ. ಬೇಕು ಬೇಡಗಳ ಪಟ್ಟಿ ಹಿಡಿದು ಕಾರು ಹುಡುಕುವವರಿಗೆ ಮಜ್ದಾ ರೋಡ್‌ಸ್ಟರ್ ಮೊದಲ ಸುತ್ತಿನಲ್ಲೇ ಔಟ್. ಹಾಗಿದ್ದೂ ಹಿರೋಶಿಮಾಕ್ಕೆ ಕೆಲಸಕ್ಕೆಂದು ಬಂದು ನೆಲೆಸಿದ ನಾನು ಕೊಂಡದ್ದು ಇದನ್ನೇ. 2016ರ ಎನ್‌ಡಿ, ಅಂದರೆ ನಾಲ್ಕನೇ ತಲೆಮಾರು. ಎಲ್ಲಕ್ಕಿಂತ ಕೆಳಗಿನ ‘ಎಸ್’ ದರ್ಜೆ, ಆರು ಗೇರಿನ ಮ್ಯಾನ್ಯುಯಲ್, ಸೆಕೆಂಡ್ ಹ್ಯಾಂಡ್. ಈ ಮಾದರಿ 2015ರಲ್ಲಿ ಬಂದಾಗ ಶೋರೂಮಿನ ಬೆಲೆ 24,94,800 ಯೆನ್ ಇತ್ತು. ತೂಕ 990 ಕೆ.ಜಿ. ಈ ತೂಕವೇ ಈ ಬರಹದ ನಿಜವಾದ ವಿಷಯ.

ಹೊಸ ಕಾರುಗಳೆಲ್ಲ ವರ್ಷದಿಂದ ವರ್ಷಕ್ಕೆ ಊದಿಕೊಳ್ಳುತ್ತಿರುವ ಕಾಲದಲ್ಲಿ ಮಜ್ದಾದವರು ಹಿಂದಿನ ಮಾದರಿಗಿಂತ ನೂರು ಕೆ.ಜಿ.ಗೂ ಹೆಚ್ಚು ಇಳಿಸಿದರು. ಉದ್ದ 3,915 ಮಿ.ಮೀ.; 1989ರ ಮೊದಲ ರೋಡ್‌ಸ್ಟರ್‌ಗಿಂತಲೂ ಚಿಕ್ಕದು. ಬಾನೆಟ್ಟು, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಮ್ಮಿನವು. ಚಕ್ರಕ್ಕೆ ಹಿಂದಿನ ಮಾದರಿಯಲ್ಲಿ ಐದು ನಟ್ಟು ಇದ್ದವು, ಇದರಲ್ಲಿ ನಾಲ್ಕೇ. ಕಂಪನಿಯೊಳಗೆ ಇದಕ್ಕೆ ‘ಗ್ರಾಂ ಕಾರ್ಯಾಚರಣೆ’ ಎಂದೇ ಹೆಸರು. ಮೂರನೇ ತಲೆಮಾರಿನ ಕಾರಿನಲ್ಲಿ ಹಿಂದೆ ನೋಡುವ ಕನ್ನಡಿಯೊಂದರಿಂದಲೇ 84 ಗ್ರಾಂ ಉಳಿಸಿದ್ದರು. 84 ಗ್ರಾಮಿಗಾಗಿ ಮೀಟಿಂಗ್ ಕರೆದು ಕೂತವರನ್ನು ನೆನೆದರೆ ನಗುವೂ ಬರುತ್ತದೆ, ಗೌರವವೂ ಹುಟ್ಟುತ್ತದೆ.

ಇಂಥ ಹಟ ಎಲ್ಲಿಂದ ಬಂತು ಎಂದು ತಿಳಿಯಬೇಕಿದ್ದರೆ ಮಜ್ದಾ ಮ್ಯೂಸಿಯಮ್ಮಿಗೆ ಒಮ್ಮೆ ಹೋಗಿಬರಬೇಕು. ಹಿರೋಶಿಮಾ ಸ್ಟೇಷನ್ನಿನಿಂದ ಸಾನ್ಯೋ ಲೈನಿನಲ್ಲಿ ಎರಡನೆಯ ನಿಲ್ದಾಣ ಮುಕಾಯಿನಾದ; ಇಳಿದರೆ ಪ್ರಧಾನ ಕಚೇರಿ ಹತ್ತಿರವೇ. ಮೊದಲೇ ಬುಕ್ ಮಾಡಿರಬೇಕು. ಕಾರ್ಖಾನೆಯ ಆವರಣ ಎಷ್ಟು ದೊಡ್ಡದೆಂದರೆ ಕಚೇರಿಯಿಂದ ಮ್ಯೂಸಿಯಮ್ಮಿಗೆ ಅವರದೇ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. 2022ರಲ್ಲಿ ನವೀಕರಿಸಿದ ಮೇಲೆ ಜಾಗ ಚೆನ್ನಾಗಿದೆ, ಬೆಳಕೂ ಚೆನ್ನಾಗಿದೆ. ಬೇರೆ ಕಂಪನಿಗಳ ಮ್ಯೂಸಿಯಮ್ಮುಗಳಷ್ಟು ಡೌಲು ಇಲ್ಲ.

ಕತೆ ಶುರುವಾಗುವುದು ಬೆಂಡಿನಿಂದ. 1920ರಲ್ಲಿ ಹುಟ್ಟಿದ್ದು ಕಾರ್ಕ್ ತಯಾರಿಸುವ ಕಂಪನಿ, ‘ತೊಯೊ ಕಾರ್ಕ್ ಕೊಗ್ಯೊ’. ಮರುವರ್ಷ ಅದರ ಚುಕ್ಕಾಣಿ ಹಿಡಿದ ಜುಜಿರೊ ಮತ್ಸುದಾ ಬೆಸ್ತರ ಮನೆಯ ಮಗ, ಕಮ್ಮಾರನ ಕೈಕೆಳಗೆ ಕೆಲಸ ಕಲಿತವರು. 1931ರಲ್ಲಿ ಬಂತು ಮೂರು ಚಕ್ರದ ಸರಕು ಗಾಡಿ, ‘ಮಜ್ದಾ-ಗೋ’. ಮುಂದೆ ಬೈಕಿನ ಹ್ಯಾಂಡಲ್, ಹಿಂದೆ ಸಾಮಾನಿನ ತೊಟ್ಟಿ. ನಮ್ಮ ಕಡೆಯ ಜನಕ್ಕೆ ಮಜ್ದಾ ಎಂದರೆ ಇವತ್ತಿಗೂ ‘ಸ್ವರಾಜ್ ಮಜ್ದಾ’ ವ್ಯಾನುಗಳೇ. ಆ ನಂಟೂ ಹೀಗೆ ಸರಕು ಗಾಡಿಯ ಕಡೆಯಿಂದಲೇ ಬಂದದ್ದು ಎಂಬುದು ಇದರ ಮುಂದೆ ನಿಂತಾಗ ಹೊಳೆಯಿತು.

1945ರ ಆಗಸ್ಟ್ 6ರ ಬಾಂಬು ಬಿದ್ದ ಜಾಗಕ್ಕೂ ಫುಚು ಪಟ್ಟಣದ ಈ ಕಾರ್ಖಾನೆಗೂ ಸುಮಾರು ಐದು ಕಿಲೋಮೀಟರ್. ನಡುವೆ ಹಿಜಿಯಾಮಾ ಎಂಬ ಸಣ್ಣ ಗುಡ್ಡ ಅಡ್ಡ ಇದ್ದುದರಿಂದ ಕಟ್ಟಡಗಳು ಬಹುಮಟ್ಟಿಗೆ ಉಳಿದವು. ಊರಿನ ಸರ್ಕಾರಿ ಕಟ್ಟಡಗಳೇ ನೆಲಸಮವಾಗಿದ್ದವು. ಹಾಗಾಗಿ ಹಿರೋಶಿಮಾ ಪ್ರಾಂತ್ಯದ ಆಡಳಿತ ಕಚೇರಿ 1946ರ ಬೇಸಿಗೆಯವರೆಗೂ ಇಲ್ಲಿಂದಲೇ ನಡೆಯಿತು. ಬಾಂಬು ಬಿದ್ದ ವರ್ಷದ ಡಿಸೆಂಬರಿನಲ್ಲೇ ಮೂರು ಚಕ್ರದ ಗಾಡಿಗಳ ತಯಾರಿ ಮತ್ತೆ ಶುರು. ಈ ಊರಿನವರು ಮಜ್ದಾ ಬಗ್ಗೆ ಮಾತಾಡುವಾಗ ದನಿ ಯಾಕೆ ಮನೆಯವರ ಬಗ್ಗೆ ಮಾತಾಡಿದಂತಿರುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಇಲ್ಲಿನ ಬೇಸ್‌ಬಾಲ್ ತಂಡ ಹಿರೋಶಿಮಾ ತೊಯೊ ಕಾರ್ಪ್‌ನ ನಡುವಿನ ಆ ‘ತೊಯೊ’ ಕೂಡ ಕಂಪನಿಯ ಹಳೆಯ ಹೆಸರಿನದೇ.

ಮ್ಯೂಸಿಯಮ್ಮಿನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ರೋಟರಿ ಎಂಜಿನ್ನಿನ ಮುಂದೆ. 1960ರ ಹೊತ್ತಿಗೆ ಜಪಾನ್ ಸರ್ಕಾರಕ್ಕೆ ಕಾರು ಕಂಪನಿಗಳನ್ನು ಒಗ್ಗೂಡಿಸುವ ಯೋಚನೆ ಇತ್ತು. ತಮ್ಮದೇ ಆದದ್ದು ಏನಾದರೂ ಇಲ್ಲದಿದ್ದರೆ ಚಿಕ್ಕವರು ಮುಳುಗುವುದು ಖಚಿತ. ಮಜ್ದಾ 1961ರಲ್ಲಿ ಜರ್ಮನಿಯ ಕಾರು ಕಂಪನಿ ಎನ್‌ಎಸ್‌ಯು ಜೊತೆ ವ್ಯಾಂಕೆಲ್ ಎಂಜಿನ್ನಿನ ಒಪ್ಪಂದ ಮಾಡಿಕೊಂಡಿತು. ಪಿಸ್ಟನ್ ಮೇಲೆ ಕೆಳಗೆ ಓಡುವ ಬದಲು, ಉಬ್ಬಿದ ಬದಿಗಳ ತ್ರಿಕೋನವೊಂದು ಗೂಡಿನೊಳಗೆ ತಿರುಗುವ ಎಂಜಿನ್ ಅದು. ಕಾಗದದ ಮೇಲೆ ಸೊಗಸು. ಓಡಿಸಿ ನೋಡಿದರೆ ತ್ರಿಕೋನದ ಮೂಲೆಯ ಸೀಲುಗಳು ಅದುರಿ ಅದುರಿ ಗೂಡಿನ ಒಳಮೈಯನ್ನು ಗೀರಿಬಿಡುತ್ತಿದ್ದವು. ಎಂಜಿನಿಯರುಗಳು ಆ ಗೀರುಗಳನ್ನು ‘ಸೈತಾನನ ಉಗುರಿನ ಗುರುತು’ ಎಂದು ಕರೆದರು. ಕೆನಿಚಿ ಯಮಾಮೊಟೊ ಮತ್ತು ಅವರ ಬಳಗ, ಒಟ್ಟು 47 ಮಂದಿ, ಇದರ ಹಿಂದೆ ಬಿದ್ದರು. ಕೊನೆಗೆ ಅಲ್ಯೂಮಿನಿಯಂ ಬೆರೆತ ಇಂಗಾಲದ ಸೀಲು ಕೈಹಿಡಿಯಿತು. 1967ರ ಮೇ 30ಕ್ಕೆ ಕಾಸ್ಮೊ ಸ್ಪೋರ್ಟ್ ಮಾರಾಟಕ್ಕೆ ಬಂತು: 982 ಸಿಸಿ, ಎರಡು ರೋಟರು, 110 ಅಶ್ವಶಕ್ತಿ. ತಂತ್ರಜ್ಞಾನ ಕೊಟ್ಟ ಎನ್‌ಎಸ್‌ಯುಗೆ ಈ ಎಂಜಿನ್ನೇ ಮುಳುವಾಯಿತು. ತಂತ್ರಜ್ಞಾನ ತಂದುಕೊಂಡ ಮಜ್ದಾ ದಶಕಗಟ್ಟಲೆ ಅದನ್ನು ಎಳೆದುಕೊಂಡು ಹೋಯಿತು.

ಹೋದದ್ದು ಸಲೀಸಾಗಿಯೇನಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲು ಕುಡಿಯುವ ರೋಟರಿ ಕಾರುಗಳನ್ನು ಕೇಳುವವರಿರಲಿಲ್ಲ. ಸುಮಿಟೊಮೊ ಬ್ಯಾಂಕು ಕೈಹಿಡಿಯದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. 1979ರಲ್ಲಿ ಫೋರ್ಡ್ ಪಾಲುದಾರನಾಗಿ ಬಂತು. 1991ರಲ್ಲಿ ನಾಲ್ಕು ರೋಟರಿನ 787ಬಿ ಲೆ ಮಾನ್ಸ್ 24 ಗಂಟೆಯ ರೇಸು ಗೆದ್ದಿತು, ಜಪಾನಿನ ಕಾರೊಂದಕ್ಕೆ ಅಲ್ಲಿ ಅದೇ ಮೊದಲ ಗೆಲುವು. ಆದರೆ ಅದೇ ಹೊತ್ತಿಗೆ ಕಂಪನಿ ಮಿತಿಮೀರಿ ಹರಡಿಕೊಂಡಿತ್ತು. ಒಂದೇ ಕಂಪನಿಯ ಕಾರುಗಳನ್ನು ಮಜ್ದಾ, ಯೂನೋಸ್, ಆನ್‌ಫಿನಿ, ಆಟೋಜಾಮ್, ಆಟೋರಾಮಾ ಎಂಬ ಐದು ಬೇರೆ ಬೇರೆ ಅಂಗಡಿ ಸಾಲುಗಳಲ್ಲಿ ಮಾರುವ ಹುಚ್ಚಾಟ. ಜಪಾನಿನ ಆರ್ಥಿಕ ಗುಳ್ಳೆ ಒಡೆಯಿತು, 1996ರಲ್ಲಿ ಫೋರ್ಡ್ ತನ್ನ ಪಾಲನ್ನು 33.4 ಪ್ರತಿಶತಕ್ಕೆ ಏರಿಸಿ ಆಡಳಿತ ಹಿಡಿಯಿತು. 2008ರ ನಂತರ ಅದೂ ಕಳಚಿಕೊಳ್ಳುತ್ತಾ ಹೋಯಿತು. ಒಂದೊಂದು ಪೆಟ್ಟಿಗೂ ಇವರ ಉತ್ತರ ಒಂದೇ: ದೊಡ್ಡವರು ಮಾಡದ್ದನ್ನು ಮಾಡುವುದು.

ರೋಡ್‌ಸ್ಟರ್ ಹುಟ್ಟಿದ್ದೂ ಹೀಗೆಯೇ. ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ 1979ರಲ್ಲಿ ಯಮಾಮೊಟೊ ಅವರೆದುರು, ಬ್ರಿಟಿಷರ ಹಳೆಯ ಕಾಲದ ಅಗ್ಗದ, ಹಗುರ, ತೆರೆದ ಸ್ಪೋರ್ಟ್ಸ್ ಕಾರುಗಳು ಸತ್ತೇಹೋದವು, ನೀವ್ಯಾಕೆ ಒಂದು ಮಾಡಬಾರದು ಎಂದು ತಲೆಯೊಳಗೆ ಹುಳ ಬಿಟ್ಟ. ಮುಂದೆ ಆತ ಮಜ್ದಾದಲ್ಲೇ ಕೆಲಸಕ್ಕೆ ಸೇರಿದ. ತೊಶಿಹಿಕೊ ಹಿರಾಯಿ ಮುಂದಾಳತ್ವದಲ್ಲಿ ಕಾರು ತಯಾರಾಗಿ, 1989ರ ಫೆಬ್ರುವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಕಾಣಿಸಿಕೊಂಡು, ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ‘ಯೂನೋಸ್ ರೋಡ್‌ಸ್ಟರ್’ ಆಗಿ ಮಾರಾಟಕ್ಕೆ ಬಂತು. 2016ರ ಏಪ್ರಿಲಿನಲ್ಲಿ ಹತ್ತು ಲಕ್ಷದ ಕಾರು ಹೊರಬಿತ್ತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಮಾರಾಟದ ಗಿನ್ನೆಸ್ ದಾಖಲೆ ಇದರದೇ.

ಇನ್ನು ಓಡಿಸುವ ವಿಷಯ. 1.5 ಲೀಟರ್, 131 ಅಶ್ವಶಕ್ತಿ. ಈ ಅಂಕಿ ಕೇಳಿ ಮೂಗು ಮುರಿಯುವವರು ಇದನ್ನು ಓಡಿಸಿಲ್ಲ. ಕುರೆ ಊರಿನಾಚೆ ಸೇತುವೆ ದಾಟಿದರೆ ತೊಬಿಶಿಮಾ ಕೈದೋ ಶುರುವಾಗುತ್ತದೆ. ದ್ವೀಪದಿಂದ ದ್ವೀಪಕ್ಕೆ ಸೇತುವೆಗಳು, ಒಂದು ಕಡೆ ಸೆಟೊ ಒಳಸಮುದ್ರ, ಇನ್ನೊಂದು ಕಡೆ ಗುಡ್ಡದ ಮೇಲೆ ಕಿತ್ತಳೆ ನಿಂಬೆಯ ತೋಟಗಳು. ಅಲ್ಲಿ ಗಂಟೆಗೆ ನಲವತ್ತು ಐವತ್ತು ಕಿಲೋಮೀಟರಿನಲ್ಲೇ ಈ ಕಾರು ತನ್ನ ಪೂರ್ತಿ ಗುಣ ತೋರಿಸುತ್ತದೆ. ತಿರುವಿಗೆ ಮುಂಚೆ ಬ್ರೇಕ್ ಒತ್ತಿದರೆ ಮೂತಿ ಮೆಲ್ಲಗೆ ತಗ್ಗುತ್ತದೆ, ಸ್ಟಿಯರಿಂಗ್ ತಿರುಗಿಸಿದರೆ ಮೈ ಸ್ವಲ್ಪ ವಾಲಿ ನಿಲ್ಲುತ್ತದೆ, ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ಹಿಂದಿನ ಚಕ್ರ ತಳ್ಳುವುದು ನೇರ ಸೊಂಟಕ್ಕೆ ತಿಳಿಯುತ್ತದೆ. ಎಸ್ ದರ್ಜೆಯಲ್ಲಿ ಹಿಂಬದಿಯ ಸ್ಟೆಬಿಲೈಸರ್ ಬಾರ್ ಇಲ್ಲ, ಹಾಗಾಗಿ ವಾಲುವುದು ಹೆಚ್ಚು. ಇದನ್ನು ದೋಷ ಎನ್ನುವವರಿದ್ದಾರೆ. ನನಗೆ ಇದೇ ಇಷ್ಟ. ಕಾರು ಏನು ಮಾಡುತ್ತಿದೆ ಎಂಬುದು ಅದು ಮಾಡಿ ಮುಗಿಸುವ ಮುಂಚೆ ಗೊತ್ತಾಗುತ್ತದೆ.

ಗೇರ್ ಲಿವರಿನ ಬಗ್ಗೆ ಬರೆಯದಿದ್ದರೆ ಅನ್ಯಾಯ. ಲಿವರ್ ಗಿಡ್ಡ, ಮಣಿಕಟ್ಟು ಅಲ್ಲಾಡಿಸಿದರೆ ಸಾಕು, ತೋಳು ಎತ್ತಬೇಕಿಲ್ಲ. ಎರಡರಿಂದ ಮೂರಕ್ಕೆ ಹಾಕುವಾಗ ಲೋಹಕ್ಕೆ ಲೋಹ ಕೂಡಿಕೊಳ್ಳುವ ಸಣ್ಣ ‘ಟಕ್’ ಅಂಗೈಗೇ ತಾಕುತ್ತದೆ. ಗೇರ್‌ಬಾಕ್ಸಿಗೂ ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೂ ನಡುವೆ ಅಲ್ಯೂಮಿನಿಯಮ್ಮಿನ ತೊಲೆಯೊಂದು ಬಿಗಿದು ಕೂತಿದೆ. 1989ರ ಕಾರಿನಿಂದಲೂ ಹೀಗೇ. ಆಕ್ಸಿಲರೇಟರ್ ಒತ್ತಿದ್ದಕ್ಕೂ ಕಾರು ಮುನ್ನುಗ್ಗಿದ್ದಕ್ಕೂ ನಡುವೆ ಸಡಿಲು ಉಳಿಯದಿರುವುದು ಬಹುಪಾಲು ಇದರಿಂದ. ಎಂಜಿನ್ ನಿಮಿಷಕ್ಕೆ 7,500 ಸುತ್ತಿನವರೆಗೂ ಖುಷಿಯಿಂದ ಏರುತ್ತದೆ, ಎರಡನೇ ಗೇರಿನಲ್ಲಿ ಅಲ್ಲಿಯವರೆಗೆ ಏರಿಸಿದರೂ ಪೊಲೀಸರಿಗೆ ಸಿಕ್ಕಿಬೀಳುವಷ್ಟು ವೇಗ ಬರುವುದಿಲ್ಲ ಎಂದು ಹೇಳುವ ಧೈರ್ಯ ಮಾತ್ರ ನನಗಿಲ್ಲ. ಜಪಾನಿನಲ್ಲಿ ಆಟೋಮ್ಯಾಟಿಕ್‌ಗೆ ಮಾತ್ರ ಸೀಮಿತವಾದ ಲೈಸೆನ್ಸ್ ಬೇರೆಯೇ ಇದೆ, ಬಹಳ ಮಂದಿ ಅದನ್ನೇ ಪಡೆಯುತ್ತಾರೆ. ಅಂಥ ನಾಡಿನಲ್ಲೂ ಈ ಕಾರು ಕೊಳ್ಳುವವರಲ್ಲಿ ಹೆಚ್ಚಿನವರು ಮ್ಯಾನ್ಯುಯಲ್ಲನ್ನೇ ಆರಿಸುತ್ತಾರೆ.

ಮೇಲಿನ ಬಟ್ಟೆಯ ಹೊದಿಕೆಗೆ ಮೋಟಾರಿಲ್ಲ. ನೆತ್ತಿಯ ಹತ್ತಿರದ ಚಿಲಕ ತೆಗೆದು, ಒಂದೇ ಕೈಯಲ್ಲಿ ಹಿಂದಕ್ಕೆ ತಳ್ಳಿ, ‘ಕ್ಲಿಕ್’ ಅನ್ನುವವರೆಗೆ ಅದುಮಿದರೆ ಮುಗಿಯಿತು. ಸಿಗ್ನಲ್ ಹಸಿರಾಗುವ ಮುಂಚೆ ಆಗುತ್ತದೆ. ತೆರೆದು ಓಡಿಸಲು ಬೇಸಿಗೆ ಸರಿ ಎಂದುಕೊಂಡಿದ್ದರೆ ಬಿಟ್ಟುಬಿಡಿ, ಇಲ್ಲಿನ ಆಗಸ್ಟಿನ ಬಿಸಿಲು ಹಸಿ ಸೆಕೆ ಎರಡೂ ಸೇರಿ ಬೇಯಿಸಿಬಿಡುತ್ತವೆ. ಡಿಸೆಂಬರ್ ಜನವರಿಯೇ ಸರಿ: ಕಿಟಕಿ ಏರಿಸಿ, ಹೀಟರನ್ನು ಕಾಲಿಗೆ ಬಿಟ್ಟು, ಟೋಪಿ ಹಾಕಿಕೊಂಡು ಹೊರಟರೆ ಹೊರಗಿನ ಐದು ಡಿಗ್ರಿ ಮುಖಕ್ಕೆ ಮಾತ್ರ ತಿಳಿಯುತ್ತದೆ.

ಹೆದ್ದಾರಿ ಇದರ ಜಾಗವಲ್ಲ. ಸಾನ್ಯೋ ಎಕ್ಸ್‌ಪ್ರೆಸ್‌ವೇನಲ್ಲಿ ಹೊದಿಕೆ ಮುಚ್ಚಿದ್ದರೂ ಗಾಳಿಯ ಸದ್ದಿಗೆ ಪಕ್ಕದವರೊಡನೆ ಗಟ್ಟಿಯಾಗಿ ಮಾತಾಡಬೇಕು, ಲಾರಿಯ ಚಕ್ರ ಕಿವಿಯ ಮಟ್ಟದಲ್ಲಿ ಉರುಳುತ್ತಿರುತ್ತದೆ. ನನ್ನ 2016ರ ಮಾದರಿಯಲ್ಲಿ ಸ್ಟಿಯರಿಂಗನ್ನು ಮೇಲೆ ಕೆಳಗೆ ಮಾಡಬಹುದು, ಹತ್ತಿರಕ್ಕೆ ಎಳೆದುಕೊಳ್ಳಲಾಗದು. ಆ ಸೌಲಭ್ಯ 2018ರಲ್ಲಿ ಬಂತು. ಉದ್ದ ಕಾಲಿನವರು ಕೂತು ನೋಡದೆ ಕೊಳ್ಳಬಾರದು. ಕಪ್ ಹೋಲ್ಡರುಗಳು ಮೊಣಕೈಗೆ ತಗಲುವ ಜಾಗದಲ್ಲಿವೆ. ಡಿಕ್ಕಿಯಲ್ಲಿ ಎರಡು ಸಣ್ಣ ಬ್ಯಾಗು ಹಿಡಿದರೆ ಹೆಚ್ಚು, ವಾರದ ದಿನಸಿಗೆ ನನ್ನ ಹೆಂಡತಿ ತನ್ನ ಪುಟ್ಟ ಕೇ-ಕಾರನ್ನೇ ತೆಗೆಯುತ್ತಾಳೆ, ಅದೂ ಒಂದು ಮಾತು ಆಡಿಯೇ.

ಖರ್ಚು ಹೆದರುವಷ್ಟಿಲ್ಲ. 1,500 ಸಿಸಿಯ ಒಳಗಿರುವುದರಿಂದ ನನ್ನ ಕಾರಿನ ವಾರ್ಷಿಕ ತೆರಿಗೆ 34,500 ಯೆನ್. 2019ರ ಅಕ್ಟೋಬರಿನ ನಂತರ ಮೊದಲ ನೋಂದಣಿಯಾದ ಕಾರಿಗೆ 30,500. ‘ಶಾಕೆನ್’ ತಪಾಸಣೆ ಇಲ್ಲಿ ಎಲ್ಲ ಕಾರಿಗೂ ಇದ್ದದ್ದೇ: ಹೊಸ ಕಾರಿಗೆ ಮೊದಲ ಸಲ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಪೆಟ್ರೋಲು ಮಾತ್ರ ಹೈ-ಆಕ್ಟೇನ್ ಹಾಕಬೇಕು, ಟ್ಯಾಂಕು 40 ಲೀಟರಿನದು. ದ್ವೀಪದ ರಸ್ತೆಗಳಲ್ಲಿ ಲೀಟರಿಗೆ ಹದಿನಾರು ಹದಿನೇಳು ಕಿಲೋಮೀಟರ್ ಸಲೀಸಾಗಿ ಬರುತ್ತದೆ.

ಯಾವುದನ್ನು ಕೊಳ್ಳಬೇಕು? ದಿನಾ ಓಡಿಸುವುದಿದ್ದರೆ ಎನ್‌ಡಿಯೇ ಸರಿ, ಕೈಗೆಟುಕಿದರೆ 2018ರ ನಂತರದ್ದು. ಬೆಟ್ಟದ ರಸ್ತೆಯಲ್ಲಿ ಜೋರಾಗಿ ಹೋಗುವವರು ಒಂದೇ ಚಕ್ರ ಸುಮ್ಮನೆ ಸುತ್ತಿ ಹಿಡಿತ ತಪ್ಪದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ ದರ್ಜೆ ನೋಡಲಿ, ಎಸ್‌ನಲ್ಲಿ ಅದಿಲ್ಲ. ಎದ್ದು ಕೂರುವ ದೀಪಗಳ ಮೊದಲ ತಲೆಮಾರಿನ ಮೇಲೆ ಮನಸ್ಸಾದವರಿಗೆ ಮಜ್ದಾ ತಾನೇ ಹಳೆಯ ಕಾರುಗಳನ್ನು ಪುನರುಜ್ಜೀವನಗೊಳಿಸುವ ಸೇವೆ ಶುರುಮಾಡಿ, ಬಟ್ಟೆಯ ಹೊದಿಕೆ, ಇಟಲಿಯ ನಾರ್ಡಿ ಕಂಪನಿಯ ಮರದ ಸ್ಟಿಯರಿಂಗ್ ಮುಂತಾದ ಬಿಡಿಭಾಗಗಳನ್ನು ಮತ್ತೆ ತಯಾರಿಸಿದೆ. ಆದರೂ ಕೊಳ್ಳುವ ಮುಂಚೆ ಹಿಂದಿನ ಚಕ್ರದ ಮುಂದೆ, ಬಾಗಿಲಿನ ಕೆಳಗಿನ ಸಿಲ್ಲನ್ನು ಕೈಯಿಂದ ತಡವಿ ನೋಡಿ. ಹೊದಿಕೆಯ ಮೇಲೆ ಬಿದ್ದ ಮಳೆನೀರು ಇಳಿಯುವ ಕೊಳವೆಗಳು ಕಸ ಕಟ್ಟಿದರೆ ನೀರು ನಿಲ್ಲುವುದು ಅಲ್ಲೇ, ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಬಣ್ಣದ ಕೆಳಗೆ ಗುಳ್ಳೆಯಂತೆ ಉಬ್ಬು ಸಿಕ್ಕಿತೋ, ಬೆಲೆ ಎಷ್ಟೇ ಕಡಿಮೆ ಇರಲಿ, ಕೀ ವಾಪಸು ಕೊಟ್ಟು ಬನ್ನಿ.